ಗಾಳಿಗೆ ತಿಳಿಯದ ಬಹುವಚನ

ಆ ಬೆಳಿಗ್ಗೆ ಒಂದು ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಹಿಂದಿನ ದಿನವೆಲ್ಲ ಸುರಿದ ಮಳೆ ನಿಂತು, ಆಕಾಶ ಒಗೆದು ಹರವಿದ ಬಟ್ಟೆಯಂತೆ ಬೆಳ್ಳಗೆ, ತೆಳ್ಳಗೆ ಕಾಣುತ್ತಿತ್ತು. ಬೀದಿಯ ತಂತಿಗೆ ಜೋತುಬಿದ್ದ ಹನಿಗಳು ಬೀಳಲೋ ಬೇಡವೋ ಎಂದು ಯೋಚಿಸುತ್ತಿದ್ದವು. ಪರದೆ ಹೊಲಿಯುವಾಕೆ ಬಾಗಿಲು ತೆರೆದು, ಹೊಸ್ತಿಲಲ್ಲೇ ನಿಂತು ಒಂದು ಗಳಿಗೆ ಕಣ್ಣು ಮುಚ್ಚಿದಳು. ಇಂಥ ಬೆಳಗನ್ನು ಕೊಟ್ಟವನಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಉದ್ದನೆಯ ಬಟ್ಟೆ ಹರವಿ ಕತ್ತರಿಸುವವರಿಗೆ ಗಾಳಿಯಿಲ್ಲದ ದಿನಕ್ಕಿಂತ ದೊಡ್ಡ ವರ ಬೇರೆ ಇಲ್ಲ.

ಏಳು ಗಂಟೆಗೆ ಗಾಳಿ ಬಂತು. ನಾಲ್ಕು ಕಾಲಿನ ಮೇಲೆ ಬಂತು.

ಹಗ್ಗದ ಒಂದು ತುದಿಯಲ್ಲಿ ನಾಯಿ, ಇನ್ನೊಂದು ತುದಿಯಲ್ಲಿ ಅವಳ ಮಗಳು. ಯಾರು ಯಾರನ್ನು ಕರೆದುಕೊಂಡು ಬರುತ್ತಿದ್ದಾರೆ ಎಂದು ಬೀದಿಯವರು ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಿತ್ತು. ಹಸಿ ಬೂದಿಯ ಬಣ್ಣ, ಕಡ್ಡಿಯಂಥ ಉದ್ದ ಕಾಲು, ಎದ್ದು ನಿಂತರೆ ಮುಂಗಾಲು ದೊಡ್ಡವರ ಹೆಗಲಿಗೆ ಎಟುಕುವಷ್ಟು ಎತ್ತರ. ಹೆಸರೇ ಗಾಳಿ. ಹಿಂದೆ ಬಹಳ ದೂರದಲ್ಲಿ, ಕಂಕುಳಿಗೆ ಕೋಲು ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತ ಆಟದ ಮೇಷ್ಟ್ರು ಬರುತ್ತಿದ್ದರು. ಮಗಳ ಶಾಲೆಯಲ್ಲಿ ಮಕ್ಕಳನ್ನು ಓಡಿಸುವುದೇ ಅವರ ಕೆಲಸ. ಮಂಡಿಗೆ ಕತ್ತರಿ ಬಿದ್ದು ತಿಂಗಳಾಗಿತ್ತು.

"ಇನ್ಮೇಲೆ ಓಡೋದು ಬೇಡ, ನಡೆದ್ರೆ ಅದೇ ಪುಣ್ಯ ಅಂದ್ಬಿಟ್ರು ಡಾಕ್ಟ್ರು," ಎಂದರು ಮೇಷ್ಟ್ರು, ಕುರ್ಚಿಗೆ ಒರಗಿ. "ಇದಕ್ಕೆ ದಿನಾ ಎರಡು ಗಂಟೆ ಓಟ ಬೇಕು. ಜಾತಿಯೇ ಅಂಥದ್ದು. ನಿಮ್ಮ ಪಾಪು ಕೇಳಿದ್ಲು. ಒಂದು ವಾರ ಇಟ್ಕೊಂಡು ನೋಡಿ. ಒಗ್ಗಿದ್ರೆ ನಿಮ್ದು, ಒಗ್ಗದಿದ್ರೆ ಭಾನುವಾರ ನನಗೆ ವಾಪಸ್."

"ಪಾಪು ಅನ್ಬೇಡಿ ಸಾರ್. ನನಗೆ ಹನ್ನೊಂದು ತುಂಬ್ತು," ಎಂದಳು ಮಗಳು.

ತಾಯಿಗೆ ಆ ಲೆಕ್ಕ ಮರೆತಿರಲಿಲ್ಲ. ಎರಡು ವರ್ಷದ ಹಿಂದೆ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ನಲವತ್ತು ದಿನ ಆಸ್ಪತ್ರೆಯಲ್ಲಿದ್ದಾಗ, ಒಂಬತ್ತರ ಈ ಹುಡುಗಿ ಶಾಲೆ ಬಿಟ್ಟು ಬಂದು, ಖಾಲಿ ಮನೆಯಲ್ಲಿ ಒಬ್ಬಳೇ ಕೂತು, ಪರದೆಗಳಿಗೆ ಕಂಬಿಯ ಬಳೆ ಪೋಣಿಸಿದ್ದಳು. ಒಂದು ದಿನವೂ ಮುಖ ಊದಿಸಿಕೊಂಡವಳಲ್ಲ. ಅದನ್ನು ಕಂಡು ತಾಯಿ ದೇವರ ಪಟದ ಮುಂದೆಯೇ ಮಾತು ಕೊಟ್ಟಿದ್ದಳು: "ನಿನಗೆ ಹನ್ನೊಂದಾಗ್ಲಿ, ಕೇಳಿದ ನಾಯಿ ಕೊಡಿಸ್ತೀನಿ." ಆಗ ಅವಳ ಕಣ್ಣಿನಲ್ಲಿದ್ದದ್ದು ಬುಟ್ಟಿಯಲ್ಲಿ ಮಲಗುವಂಥ ಪುಟ್ಟ ನಾಯಿ. ಆದರೆ ಕೊಟ್ಟ ಮಾತಿನಲ್ಲಿ ಅಳತೆ ಹೇಳಿರಲಿಲ್ಲ. ಬಟ್ಟೆಯನ್ನು ಅರ್ಧ ಬೆರಳಿಗೂ ಲೆಕ್ಕವಿಟ್ಟು ಕತ್ತರಿಸುವವಳು ಮಾತನ್ನು ಮಾತ್ರ ಅಳೆಯದೆ ಕತ್ತರಿಸಿಬಿಟ್ಟಿದ್ದಳು.

ಮನೆ ಎಂದರೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು. ಗಂಡಹೆಂಡತಿ ಇಬ್ಬರದೂ ಒಂದೇ ಕಸುಬು: ಗಂಡ ಅಳೆದು ಕತ್ತರಿಸುವವನು, ಹೆಂಡತಿ ಹೊಲಿಯುವವಳು. ಉದ್ದನೆಯ ಪರದೆಯಾದರೆ ಬಟ್ಟೆ ಮುಂದಿನ ಕೋಣೆ ದಾಟಿ, ಬಾಗಿಲು ದಾಟಿ, ಅಡುಗೆ ಒಲೆಯ ತನಕ ಹೋಗುತ್ತಿತ್ತು. ಒಂದು ತುದಿಯಲ್ಲಿ ಒಬ್ಬರು, ಇನ್ನೊಂದು ತುದಿಯಲ್ಲಿ ಇನ್ನೊಬ್ಬರು. ಮುಖ ಕಾಣದು, ದನಿಯೊಂದೇ. "ಹಿಡಿ" ಎಂದರೆ ಬಿಗಿಯಾಗಿ ಹಿಡಿಯಬೇಕು; "ಬಿಡು" ಎಂದರೆ ಸಡಿಲಿಸಬೇಕು. ಉಳಿದ ಹೊತ್ತಿನಲ್ಲಿ ಗಂಡನಿಗೆ "ನೀವು, ತಾವು" ಎನ್ನುವ ಹೆಂಡತಿ, ನಡುವೆ ಬಟ್ಟೆ ಬಂದರೆ ಸಾಕು, "ಹಿಡಿ" ಎಂದುಬಿಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅತ್ತೆ ಇದನ್ನು ಕೇಳಿ ಕಣ್ಣರಳಿಸಿದ್ದುಂಟು. "ಕತ್ತರಿ ಬಾಯಲ್ಲಿ ಬಟ್ಟೆ ಇದ್ದಾಗ ಮರ್ಯಾದೆಗೆ ಪುರುಸೊತ್ತು ಇಲ್ಲಮ್ಮ," ಎಂದು ಮಗನೇ ಸಮಾಧಾನ ಹೇಳಿದ್ದನಂತೆ.

ಅಂದು ಶಾಲೆಯ ರಂಗಮಂಟಪದ ಪರದೆ ಕತ್ತರಿಸಬೇಕಿತ್ತು. ಕಡುನೀಲಿ, ಇಪ್ಪತ್ತೆರಡು ಅಡಿ. ಗಾಳಿ ಮೂಲೆಯಲ್ಲಿ ಕೂತು ಎಲ್ಲರ ಮುಖವನ್ನೂ ಓದುತ್ತಿತ್ತು. ಗಂಡ ಮೇಜಿನ ಬಳಿ, ಹೆಂಡತಿ ಒಲೆಯ ಬಳಿ.

"ಹಿಡಿ!" ಎಂದಳು ಹೆಂಡತಿ.

ಗಾಳಿ ನೆಗೆಯಿತು. ಒಂದೇ ನೆಗೆತಕ್ಕೆ ಬಟ್ಟೆಯ ನಟ್ಟನಡುವೆ ಬಾಯಿ ಹಾಕಿ, ಕಾಲು ಊರಿ, ಕಿವಿ ನಿಮಿರಿಸಿ ನಿಂತಿತು.

"ಅಯ್ಯಯ್ಯೋ! ಬಿಡು, ಬಿಡು!" ಎಂದು ಗಂಡ ಕೂಗಿದ.

ಬಿಟ್ಟಿತು. ತಕ್ಷಣ ಬಿಟ್ಟಿತು. ಬಟ್ಟೆಗೆ ಹಲ್ಲಿನ ಗುರುತೂ ಇಲ್ಲ, ಒಂದಿಷ್ಟು ಜೊಲ್ಲು ಅಷ್ಟೆ. ಆಮೇಲೆ ತಲೆಯೆತ್ತಿ, ಶಹಬ್ಬಾಸ್ ಹೇಳುವವರು ಯಾರು ಎಂದು ಒಬ್ಬೊಬ್ಬರನ್ನೇ ನೋಡಿತು.

ಮಗಳು ಬಿದ್ದು ಬಿದ್ದು ನಕ್ಕಳು. "ಸಾರ್ ಚೆಂಡು ಎಸೆದು ಹಿಡಿ ಅಂತಾರೆ, ಬಿಡು ಅಂತಾರೆ. ಅವನಿಗೆ ಗೊತ್ತಿರೋದು ಅದೆರಡೇ ಮಾತು!"

"ನಮ್ಮನೇಲಿ ಇಡೀ ದಿನ ಆಡೋದೂ ಅದೆರಡೇ ಮಾತು," ಎಂದ ಗಂಡ, ಜೊಲ್ಲು ಒರೆಸುತ್ತ.

ಹನ್ನೆರಡು ಗಂಟೆಯೊಳಗೆ ಗಾಳಿ ಮೂರು ಪರದೆ, ಒಂದು ಟೇಪು, ಗಂಡನ ಅಂಗಿಯ ತೋಳು ಹಿಡಿದಿತ್ತು. ಬೇರೆ ಮಾತು ಹುಡುಕೋಣ ಎಂದು "ತಗೋ" ಎಂದು ನೋಡಿದರು. ಇಪ್ಪತ್ತು ವರ್ಷದ ರೂಢಿ ಎಲ್ಲಿ ಬಿಟ್ಟೀತು, ಎರಡನೆಯ ಸಲಕ್ಕೆ ಬಾಯಲ್ಲಿ ಮತ್ತೆ "ಹಿಡಿ"ಯೇ. ಕೊನೆಗೆ ಹೆಂಡತಿಗೇ ಹೊಳೆಯಿತು. ಒಮ್ಮೆ ಅಪ್ಪಿತಪ್ಪಿ, ಬೇರೆ ಹೊತ್ತಿನ ಮರ್ಯಾದೆಯಲ್ಲೇ, "ಹಿಡೀರಿ" ಎಂದುಬಿಟ್ಟಿದ್ದಳು. ಗಾಳಿ ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ರೀ, ಇದಕ್ಕೆ ಬಹುವಚನ ಬರಲ್ಲ!"

ಅಂದಿನಿಂದ ಆ ಮನೆಯಲ್ಲಿ ಎಲ್ಲರಿಗೂ ಮರ್ಯಾದೆ ಸಿಕ್ಕಿತು. ಗಂಡ ಹೆಂಡತಿಗೆ "ಹಿಡೀರಿ ತಾಯೀ" ಎನ್ನುತ್ತಿದ್ದ. ಹೆಂಡತಿ ಮಗಳಿಗೆ "ಸ್ವಲ್ಪ ಬಿಡಿ ಮೇಡಂ" ಎನ್ನುತ್ತಿದ್ದಳು. ಮೂಲೆಯ ಮಂಚದ ಮೇಲೆ ಕೂತು ಪರದೆಯ ಅಂಚಿಗೆ ಪಟ್ಟಿ ಹಚ್ಚುತ್ತಿದ್ದ ಅತ್ತೆ ಮಾತ್ರ ಮೂಗು ಮುರಿದರು.

"ನನ್ನ ಮಡಿಲಲ್ಲಿ ಉಚ್ಚೆ ಹೊಯ್ದ ಮೊಮ್ಮಗಳಿಗೆ ನಾನು ಬಹುವಚನ ಹಾಕ್ಲಾ? ಕಾಲ ಕೆಟ್ಟಿತು ಕಣೇ."

"ನಾಯಿಗೋಸ್ಕರ ಅಜ್ಜಿ, ಪ್ಲೀಸ್."

"ಆಯ್ತಮ್ಮ ಮಹಾರಾಯ್ತಿ. ಆ ದಾರದುಂಡೆ ಸ್ವಲ್ಪ ಕೊಡೋಣವಾಗ್ಲಿ," ಎಂದರು ಅತ್ತೆ. ಎಲ್ಲರೂ ನಕ್ಕರು. ನಗುವಾಗ ತಾಯಿ ಮಗಳ ಮುಖವನ್ನೇ ನೋಡಿದಳು. ಇಷ್ಟು ಬೆಳಕು ಆ ಮುಖದಲ್ಲಿ ಇದ್ದದ್ದು ಯಾವಾಗಲೋ. ದೇವರೇ, ಹೇಗಾದರೂ ಇದನ್ನು ಒಗ್ಗಿಸಿಬಿಡು, ನನ್ನ ಮಾತು ಉಳಿಸಿಬಿಡು ಎಂದುಕೊಂಡಳು.

ಆದರೆ ಒಗ್ಗುವುದೆಂದರೆ ಮಾತಿನ ಕೆಲಸವಷ್ಟೇ ಅಲ್ಲವಲ್ಲ. ಬೆಳಗಿನ ಐದಕ್ಕೆ ಎದ್ದು ಮಗಳು ನಾಯಿಯ ಜೊತೆ ಓಡುತ್ತಿದ್ದಳು. ಮೂರನೆಯ ದಿನಕ್ಕೆ ಅವಳ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ನಾಲ್ಕನೆಯ ದಿನ ಶಾಲೆಯ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳೆಂದು ಸುದ್ದಿ ಬಂತು. ಗಾಳಿಗೆ ಮಾತ್ರ ದಣಿವೆಂಬುದೇ ಇಲ್ಲ. ಮನೆಗೆ ಬಂದರೆ ಬಾಗಿಲಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ತಿರುಗುತ್ತಿತ್ತು. ಹನ್ನೊಂದು ಹೆಜ್ಜೆ ಆ ಕಡೆ, ಹನ್ನೊಂದು ಹೆಜ್ಜೆ ಈ ಕಡೆ. ಬಾಲ ಬೀಸಿದರೆ ಮೇಜಿನ ಮೇಲಿನ ಸೀಮೆಸುಣ್ಣ, ಸೂಜಿಪೆಟ್ಟಿಗೆ, ಲೋಟ ಎಲ್ಲ ನೆಲಕ್ಕೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಪ್ರಾಣಿ ಹಗಲು ಒಮ್ಮೆಯೂ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದನ್ನು ಯಾರೂ ಕಾಣಲಿಲ್ಲ.

ಅತ್ತೆ ಮಂಚದಿಂದ ಇಳಿಯುವಾಗೆಲ್ಲ ಸೊಸೆಯ ಕೈಯ ಹೊಲಿಗೆ ನಿಲ್ಲುತ್ತಿತ್ತು. "ಇನ್ನೊಂದು ಸಲ ಬಿದ್ದರೆ ನಡಿಗೆಯ ಆಸೆ ಬಿಟ್ಟುಬಿಡಿ" ಎಂದು ಡಾಕ್ಟರು ಹೇಳಿದ್ದು ಅವಳ ಕಿವಿಯಲ್ಲೇ ಇತ್ತು. ಒಂದು ಕಡೆ ಅತ್ತೆಯ ಸೊಂಟ, ಇನ್ನೊಂದು ಕಡೆ ಮಗಳಿಗೆ ಕೊಟ್ಟ ಮಾತು. ಯಂತ್ರ ತುಳಿಯುತ್ತ ತುಳಿಯುತ್ತ ಅವಳು ಎರಡನ್ನೂ ಒಂದೇ ದಾರದಲ್ಲಿ ಹೊಲಿಯಲು ನೋಡುತ್ತಿದ್ದಳು. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಗಂಡನಿಗಾದರೂ ಹೇಳಬಹುದಿತ್ತು; ಅವನು ದಿನಾ ಸಂಜೆ ನಾಯಿಯ ತಲೆ ಸವರುತ್ತಿದ್ದದ್ದನ್ನು ಕಂಡು, ಇವರಿಗೂ ಇಷ್ಟವಾಗಿಬಿಟ್ಟಿದೆ ಎಂದು ಸುಮ್ಮನಾಗಿದ್ದಳು.

ಐದನೆಯ ದಿನ ಮಧ್ಯಾಹ್ನ ಅದು ಆಯಿತು.

ಮಗಳು ಶಾಲೆ ಮುಗಿಸಿ ಬಂದಿದ್ದಳು. ನೀಲಿ ಪರದೆಗೆ ಒಳಬಟ್ಟೆ ಕೂಡಿಸಿ, ಇಸ್ತ್ರಿ ಮಾಡಲೆಂದು ನೆಲದ ಮೇಲೆ ರಾಶಿ ಹಾಕಿದ್ದರು. ಅತ್ತೆ ಮಂಚದಿಂದ ಇಳಿದು, ಊರುಗೋಲು ಹಿಡಿದು, ನೀರು ಕುಡಿಯಲು ಹೊರಟರು. ನಡುವೆ ಬಟ್ಟೆಯ ತುದಿ ಕಾಲಿಗೆ ಸುತ್ತಿಕೊಂಡಿತು. ಅವರು ವಾಲಿದರು.

"ಹಿಡಿ! ಹಿಡಿಯೇ!" ಎಂದು ಕೂಗಿದರು.

ಕೂಗಿದ್ದು ಮೊಮ್ಮಗಳನ್ನು. ಬಂದದ್ದು ಗಾಳಿ. ಕೋಣೆಯ ಆ ತುದಿಯಿಂದ ಬಾಣದಂತೆ ಬಂದು, ಅವರ ಕೈಯಲ್ಲಿದ್ದ ಊರುಗೋಲನ್ನೇ ಗಬಕ್ಕನೆ ಹಿಡಿಯಿತು. ಹಿಡಿದು ಎಳೆಯಿತು. ಕೋಲು ಹೋದ ಕೈ ಬರಿದೇ ಬೀಸಿ, ಅತ್ತೆ ಹಿಂದಕ್ಕೆ ಬಿದ್ದರು.

ಸೊಸೆ ಕತ್ತರಿ ಎಸೆದು ಓಡಿದಳು. ಗಂಡ ಮೇಜನ್ನೇ ಹಾರಿ ಬಂದ. ಮಗಳು ಮಾತ್ರ ನಿಂತಲ್ಲೇ ಕಲ್ಲಾಗಿದ್ದಳು.

ಇಪ್ಪತ್ತೆರಡು ಅಡಿ ನೀಲಿ ಬಟ್ಟೆ, ಅದಕ್ಕೆ ಕೂಡಿಸಿದ ದಪ್ಪ ಒಳಬಟ್ಟೆ. ಆ ರಾಶಿಯ ನಡುವೆ ಅತ್ತೆ ಹಾಸಿಗೆಯಲ್ಲಿ ಕೂತ ಮಹಾರಾಣಿಯಂತೆ ಕೂತಿದ್ದರು. ಒಂದು ಕಾಲು ಚಾಚಿ, ಮಡಿಸಿ, ಇನ್ನೊಂದು ಚಾಚಿ ನೋಡಿಕೊಂಡರು. ಸೊಂಟದ ಮೇಲೆ ಕೈಯಿಟ್ಟು ತಡಕಿದರು. ಮೂವರೂ ಬಾಗಿ ಅವರನ್ನೇ ನೋಡುತ್ತಿದ್ದರು.

"ಏನೂ ಆಗ್ಲಿಲ್ಲ," ಎಂದರು ಅತ್ತೆ. "ಎಬ್ಬಿಸಿ ನನ್ನ. ಹಾಗೆ ಮಿಕಿಮಿಕಿ ನೋಡ್ಬೇಡಿ."

ಸೊಸೆ ಅಲ್ಲೇ ಮಂಡಿಯೂರಿ ಕೂತುಬಿಟ್ಟಳು. ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ದೇವರೇ, ದೇವರೇ ಎನ್ನುತ್ತಲೇ ಇದ್ದಳು. ಬಟ್ಟೆಯ ರಾಶಿಯನ್ನು ಅಲ್ಲಿ ಹಾಕಿದ್ದು ತಾನೇ. ಆದರೆ ಅಲ್ಲೇ ಹಾಕುವ ಬುದ್ಧಿ ಕೊಟ್ಟವನು ಬೇರೆ ಎಂದು ಅವಳಿಗೆ ತೋರಿತು.

"ಅಜ್ಜಿ, ನೀವು ಹಿಡೀರಿ ಅನ್ಬೇಕಿತ್ತು," ಎಂದಳು ಮಗಳು.

"ಬೀಳೋವಾಗ ಯಾರು ಬಹುವಚನ ಹಾಕ್ತಾರೆ ಪಾಪು?" ಎಂದರು ಅಜ್ಜಿ.

ಅಂದು "ಪಾಪು" ಎಂದದ್ದಕ್ಕೆ ಮಗಳು ಜಗಳ ತೆಗೆಯಲಿಲ್ಲ. ಗಾಳಿ ಕೋಲನ್ನು ಬಾಯಲ್ಲಿ ಹಿಡಿದೇ ನಿಂತಿತ್ತು. ಹೇಳಿದ್ದನ್ನು ಹೇಳಿದಂತೆ ಮಾಡಿದ ಮೇಲೂ ಇವರು ಯಾಕೆ ಅಳುತ್ತಿದ್ದಾರೆ ಎಂದು ಅದಕ್ಕೆ ತಿಳಿಯದು. ಮಗಳು ಹೋಗಿ, ಮೆಲ್ಲಗೆ, "ಬಿಡು," ಎಂದಳು. ಬಿಟ್ಟಿತು.

ಮರುದಿನ ಶನಿವಾರ. ಕಾಲುವೆ ಕಾಯುವಾಕೆಯ ಗುಡಿಸಲಿಗೆ ದಪ್ಪ ಬಾಗಿಲುಪರದೆ ತಲುಪಿಸಬೇಕಿತ್ತು. ಅತ್ತೆಗೆ ಒಂದಿಷ್ಟು ನೆಮ್ಮದಿಯಾಗಲಿ ಎಂದು ತಾಯಿ ಮಗಳನ್ನೂ ನಾಯಿಯನ್ನೂ ಜೊತೆಗೆ ಕರೆದುಕೊಂಡು ಹೊರಟಳು. ಕಾಲುವೆ ಕಾಯುವಾಕೆ ಐವತ್ತು ದಾಟಿದ ಗಟ್ಟಿ ಹೆಂಗಸು. ಏರಿಯಲ್ಲಿ ಬಿಲ ಬಿದ್ದಿದೆಯೇ, ನೀರು ಜಿನುಗುತ್ತಿದೆಯೇ ಎಂದು ದಿನಾ ಆರು ಮೈಲಿ ಮೇಲಕ್ಕೆ, ಆರು ಮೈಲಿ ಕೆಳಕ್ಕೆ ನಡೆಯುವುದು ಅವಳ ಕೆಲಸ. ಪರದೆ ತಗುಲಿಸಿ ನೋಡಿ ತಲೆದೂಗಿದವಳ ಕಣ್ಣು ನಾಯಿಯ ಮೇಲೆ ಬಿತ್ತು.

"ಏನಕ್ಕಾ, ಈ ಕುದುರೇನ ಎರಡು ಕೋಣೇಲಿ ಕಟ್ಟಿದೀರಾ?"

"ಕಟ್ಟಿಲ್ಲ. ಅದೇ ನಮ್ಮನ್ನ ಕಟ್ಟಿಹಾಕಿದೆ," ಎಂದಳು ತಾಯಿ.

ಕಾಲುವೆಯವಳು ಗಹಗಹಿಸಿ ನಕ್ಕಳು. "ಹಾಗಾದ್ರೆ ಬಿಚ್ಚಿ. ನಾನು ಹೇಗೂ ಮೇಲಿನ ತೂಬಿಗೆ ಹೊರಟೆ. ಬರೋದಾದ್ರೆ ಬರ್ಲಿ."

ಮಗಳು ಹಗ್ಗ ಬಿಚ್ಚಿದಳು. ಕಾಲುವೆಯ ಏರಿ ಕಣ್ಣು ಹೋಗುವ ತನಕ ನೆಟ್ಟಗೆ ಇತ್ತು. ಗಾಳಿ ಒಂದು ಗಳಿಗೆ ನಿಂತು ಮೂಗೆತ್ತಿತು. ಆಮೇಲೆ ಓಡಿತು. ಅಂಥ ಓಟವನ್ನು ತಾಯಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬಂತೆ ಹೋಗಿ, ಚುಕ್ಕಿಯಾಗಿ, ಮತ್ತೆ ದೊಡ್ಡದಾಗುತ್ತ ತಿರುಗಿ ಬಂದು, ಕಾಲುವೆಯವಳನ್ನು ಸುತ್ತಿ ಮತ್ತೆ ಹೋಗುತ್ತಿತ್ತು. ಅವಳು ತನ್ನ ಪಾಡಿಗೆ ತಾನು ಏರಿ ನೋಡುತ್ತ ನಡೆಯುತ್ತಿದ್ದಳು. ತಾಯಿ ಮಗಳು ಗುಡಿಸಲಿನ ಕಟ್ಟೆಯ ಮೇಲೆ ಕೂತು ನೀರು ನೋಡಿದರು.

ಎರಡು ಗಂಟೆ ಕಳೆದು ಕಾಲುವೆಯವಳೂ ನಾಯಿಯೂ ಹಿಂದಿರುಗಿದರು. ಗಾಳಿ ಕಾಲುವೆಗಿಳಿದು ನೀರು ಕುಡಿಯಿತು, ಮೈ ಕೊಡವಿತು, ಬಂದು ಗುಡಿಸಲಿನ ನೆರಳಿನಲ್ಲಿ ನೆಲಕ್ಕೆ ಹೊಟ್ಟೆ ಹಚ್ಚಿ, ಮುಂಗಾಲ ಮೇಲೆ ಗದ್ದವಿಟ್ಟು ಮಲಗಿತು. ಉಸಿರು ನಿಧಾನವಾಯಿತು. ಕಣ್ಣು ಮುಚ್ಚಿತು.

ಮಗಳು ಅದನ್ನೇ ನೋಡುತ್ತಿದ್ದಳು. "ಅಮ್ಮಾ, ನೋಡು. ಮಲಗ್ದ," ಎಂದಳು ಪಿಸುದನಿಯಲ್ಲಿ.

ಸಂಜೆ ಊಟಕ್ಕೆ ಕೂತಾಗ ಎಲ್ಲರೂ ಅನ್ನ ಕಲಸುತ್ತಲೇ ಇದ್ದರು. ಬೆಳಗಾದರೆ ಮೇಷ್ಟ್ರು ಉತ್ತರ ಕೇಳುತ್ತಾರೆ. ತಾಯಿ ಯಾರೂ ಕೇಳದಿದ್ದರೂ ಮತ್ತೆ ಮತ್ತೆ ಸಾರು ಬಡಿಸಿದಳು. ಕೊನೆಗೆ ಮಗಳೇ ತಟ್ಟೆಯಿಂದ ತಲೆಯೆತ್ತದೆ ಶುರುಮಾಡಿದಳು.

"ಅಮ್ಮಾ, ನೀನು ಕೊಟ್ಟ ಮಾತು ವಾಪಸ್ ತಗೋ."

"ಏನೇ ಅದು? ಕೊಟ್ಟ ಮಾತು ವಾಪಸ್ ತಗೊಳ್ಳೋಕೆ ಆಗುತ್ತಾ? ದೇವರ ಮುಂದೆ ಹೇಳಿದ್ದು."

"ನೀನು ಕಿತ್ಕೋತಿಲ್ಲಮ್ಮ. ನಾನೇ ಕೊಡ್ತಿದೀನಿ. ದೇವರಿಗೂ ನಾನೇ ಹೇಳ್ತೀನಿ ಬೇಕಾದ್ರೆ." ಕಣ್ಣೀರು ತಟ್ಟೆಗೆ ಬೀಳುತ್ತಿದ್ದರೂ ಅವಳು ಮಾತು ನಿಲ್ಲಿಸಲಿಲ್ಲ. "ಅವನು ಅಲ್ಲಿ ಮಲಗ್ದ. ನಮ್ಮನೇಲಿ ಆರು ದಿನ ಮಲಗ್ಲಿಲ್ಲ. ಅಜ್ಜಿ ಬಿದ್ದಾಗಿಂದ ನನಗೂ ನಿದ್ದೆ ಇಲ್ಲ. ನನಗೆ ಅವನು ಇಷ್ಟ. ತುಂಬಾ ಇಷ್ಟ. ಆದ್ರೆ ಅವನು ನಮ್ಮನೆಗೆ ಸರಿಹೋಗಲ್ಲ. ನಮ್ಮನೆ ಅವನಿಗೆ ಮೊದ್ಲೇ ಸರಿಹೋಗಲ್ಲ."

ಆಮೇಲೆ ಅತ್ತೆ ಉದ್ದಕ್ಕೆ ಉಸಿರು ಬಿಟ್ಟರು.

"ಅಬ್ಬಾ! ಸೋಮವಾರದಿಂದ ಇದನ್ನೇ ಹೇಳ್ಬೇಕು ಅಂತಿದ್ದೆ ಕಣೇ. ನಿನ್ನ ಮುಖ ನೋಡಿ ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

"ನೀವೂನಾ ಅತ್ತೆ?" ಎಂದಳು ಸೊಸೆ. "ಅದರ ತಟ್ಟೆಗೆ ನಿಮ್ಮ ಹಾಲು ಬಗ್ಗಿಸ್ತಿದ್ರಲ್ಲ!"

"ಹಾಲು ಕುಡಿಯೋವಾಗಲಾದ್ರೂ ಒಂದು ಕಡೆ ನಿಲ್ಲುತ್ತೆ ಅಂತ ಬಗ್ಗಿಸ್ತಿದ್ದೆ."

ಗಂಡ ತಲೆ ತಗ್ಗಿಸಿ ನಗತೊಡಗಿದ. "ನಾನು ದಿನಾ ಸಂಜೆ ತಲೆ ಸವರ್ತಿದ್ದೆ ನೋಡು, ಅಪ್ಪಾ ಮಾರಾಯ, ಸ್ವಲ್ಪ ಕೂತ್ಕೋ ಅಂತ ಕೈಮುಗಿದು ಕೇಳ್ಕೋತಿದ್ದೆ. ನಿನಗೆ ಇಷ್ಟ ಇರ್ಬೇಕು ಅಂತ ನಾನು ಸುಮ್ನಿದ್ದೆ."

"ನಿಮಗೆ ಇಷ್ಟ ಅಂತ ನಾನು ಸುಮ್ನಿದ್ದೆ!"

ಒಂದೇ ಪರದೆಯ ಎರಡು ತುದಿ ಹಿಡಿದು, ಮುಖ ಕಾಣದೆ, ಇಬ್ಬರೂ ಎಳೆದಾಡಿದಂತಾಗಿತ್ತು ಆ ವಾರ. ನಗು ಒಬ್ಬರಿಂದ ಒಬ್ಬರಿಗೆ ದಾಟಿತು. ಅಳುತ್ತಲೇ ಇದ್ದ ಮಗಳೂ ನಕ್ಕಳು. ತಾಯಿಗೆ ಹೆಗಲ ಮೇಲಿನ ಭಾರದ ಸುರುಳಿಯೊಂದನ್ನು ಯಾರೋ ಇಳಿಸಿ ಗೋಡೆಗೆ ಒರಗಿಸಿದಂತಾಯಿತು. ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಾತು ಉಳಿಸಿಕೊಡು ಎಂದು ದೇವರನ್ನು ಬೇಡಿದ್ದಳು. ಅವನು ಮಗಳನ್ನು ಇಷ್ಟು ದೊಡ್ಡವಳನ್ನಾಗಿ ಮಾಡಿ ಕೊಟ್ಟಿದ್ದ. ಬೇಡಿದ್ದೇ ಒಂದು, ಸಿಕ್ಕಿದ್ದೇ ಇನ್ನೊಂದು, ಆದರೂ ಕೈ ತುಂಬಿತ್ತು. ಗಾಳಿಯೂ ಆ ಗದ್ದಲಕ್ಕೆ ಸಂಭ್ರಮಪಟ್ಟು ಬಾಲ ಬೀಸಿ, ನೀರಿನ ಚೊಂಬನ್ನು ಉರುಳಿಸಿತು. ಆ ಸಂಜೆ ಯಾರೂ ಗದರಲಿಲ್ಲ.

ಭಾನುವಾರ ಬೆಳಿಗ್ಗೆ ಮೇಷ್ಟ್ರನ್ನು ಒಪ್ಪಿಸಿ, ಗಾಡಿಯಲ್ಲಿ ಕೂರಿಸಿಕೊಂಡು ಎಲ್ಲರೂ ಕಾಲುವೆಗೆ ಹೋದರು. ಅತ್ತೆಯೂ ಬಂದರು, ತಮ್ಮನ್ನು ಬೀಳಿಸಿದವನನ್ನು ಬೀಳ್ಕೊಡದೆ ಇರುವುದು ಹೇಗೆ ಎಂದರು. ನಾಯಿಯನ್ನು ನೀವೇ ಇಟ್ಟುಕೊಳ್ಳಿ ಎಂದರೆ ಕಾಲುವೆಯವಳು ಬೇಡ ಎನ್ನಲಿಲ್ಲ. "ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದ್ರು. ಹನ್ನೆರಡು ಮೈಲಿ ಒಬ್ಬಳೇ ನಡೆದೂ ನಡೆದೂ ನೀರಿನ ಜೊತೆ ಮಾತಾಡೋಕೆ ಶುರುಮಾಡಿದ್ದೆ," ಎಂದಳಷ್ಟೆ. ಮೇಷ್ಟ್ರು ಅವಳಿಗೆ ಊಟದ ಹೊತ್ತು, ಚುಚ್ಚುಮದ್ದಿನ ದಿನ, ಕಿವಿ ಒರೆಸುವ ರೀತಿ ಎಲ್ಲ ಹೇಳಿದರು. ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರು. "ನಿಮಗೆ ಯಾವಾಗ ಬೇಕಾದ್ರೂ ಬನ್ನಿ ಮೇಷ್ಟ್ರೇ. ಏರಿ ಮೇಲೆ ಕೂತ್ಕೊಂಡು ಅದರ ಓಟ ನೋಡಿ. ನಿಮ್ಮ ಮಂಡಿಗೂ ಅದೇ ಔಷಧಿ," ಎಂದಳು ಕಾಲುವೆಯವಳು. ಮೇಷ್ಟ್ರು ಮೂಗು ಒರೆಸಿಕೊಂಡು ನಕ್ಕರು. ಅವರ ಮುಖದಲ್ಲೂ ವಾರದ ಬಿಗುವು ಸಡಿಲಿತ್ತು.

ಮಗಳು ಮಂಡಿಯೂರಿ ಗಾಳಿಯ ಕುತ್ತಿಗೆಯನ್ನು ಅಪ್ಪಿಕೊಂಡಳು. ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಹಗ್ಗದ ಕೊಕ್ಕೆ ಬಿಚ್ಚಿದಳು. ಗಾಳಿ ಏರಿ ಹತ್ತಿ ಓಡಿತು. ಕಾಲುವೆಯವಳು ಸೆರಗು ಸಿಕ್ಕಿಸಿಕೊಂಡು ಅದರ ಹಿಂದೆ ನಡೆದಳು.

ಕೈಯಲ್ಲಿ ಉಳಿದ ಹಗ್ಗವನ್ನು ಮಗಳು ಮೊಣಕೈಗೆ ಸುತ್ತಿ, ಮನೆಯಲ್ಲಿ ಪಟ್ಟಿಗಳನ್ನು ಸುತ್ತಿಡುವ ಹಾಗೆಯೇ ಅಚ್ಚುಕಟ್ಟಾಗಿ ಮಡಿಸಿದಳು. ಮೇಷ್ಟ್ರು ನೀರಿನ ಕಡೆ ನೋಡುತ್ತಿದ್ದರು. ಅವಳು ಹತ್ತಿರ ಹೋಗಿ, ಅದನ್ನು ಅವರ ಅಂಗೈಯಲ್ಲಿಟ್ಟು ಅವರ ಬೆರಳು ಮಡಿಸಿದಳು.